ಮೂರು ಪ್ರಶ್ನಾರ್ಥಕ ಚಿಹ್ನೆಗಳು

ಹೋದ ವರ್ಷ ವಿದ್ಯಾರ್ಥಿವೇತನದ ಪಟ್ಟಿಯೊಂದರಲ್ಲಿ ‘ಕಮಲ’ ಎಂಬ ನನ್ನ ಹೆಸರಿರಬೇಕಾದ ಕಡೆ ಮೂರು ಪ್ರಶ್ನಾರ್ಥಕ ಚಿಹ್ನೆಗಳು ಕುಳಿತಿದ್ದವು. ಗೆಳತಿಯರು ನಕ್ಕರು, ನನಗೆ ನಗು ಬರಲಿಲ್ಲ. ಹೆಸರೇ ಇಲ್ಲದವಳಿಗೆ ಹಣ ಕೊಡುವವರಾರು? ಹೆಸರು ಕಳೆದುದೆಲ್ಲಿ ಎಂದು ಹುಡುಕಹೊರಟಾಗ ತಿಳಿದುಬಂದುದನ್ನು ವಾಚಕರ ಮುಂದಿಡುತ್ತೇನೆ.

ಗಣಕಯಂತ್ರಕ್ಕೆ ಅಂಕಿಗಳಲ್ಲದೆ ಅಕ್ಷರಗಳು ತಿಳಿಯವು. 1991ರಲ್ಲಿ ಹೊರಬಂದ ಯೂನಿಕೋಡ್ ಕನ್ನಡದ ಅಕ್ಷರಗಳಿಗೂ ಅಂಕಿಗಳನ್ನು ಗೊತ್ತುಮಾಡಿತು. ಅದರಲ್ಲಿ ‘ಕ’ದ ಅಂಕಿ 3221. ಆದರೆ ಒಂದು ಬೈಟಿನಲ್ಲಿ 255ಕ್ಕೆ ಮೀರಿದ ಅಂಕಿ ಹಿಡಿಸದು. ಆದ್ದರಿಂದ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ‘ಕ’ವನ್ನು 224, 178, 149 ಎಂದು ಮೂರು ಬೈಟುಗಳಾಗಿ ಬರೆಯುತ್ತಾರೆ. ‘ಕಮಲ’ಕ್ಕೆ ಒಂಬತ್ತು ಬೈಟು.

ಹೆಸರು ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಅನೇಕ ವೇಳೆ ಮೆಸೇಜ್ ಕ್ಯೂ, ಎಂದರೆ ಸಂದೇಶಗಳ ಸರತಿಯ ಸಾಲಿನ ಮೂಲಕ ಹೋಗುತ್ತದೆ. ಡೇಟಾಬೇಸಿಗೆ ತನ್ನ ಅಕ್ಷರಪದ್ಧತಿ ಯಾವುದೆಂದು ಗೊತ್ತು. ಕಾಫ್ಕಾದಂಥ ಸಾಲಾದರೋ ಅಂಚೆಯವನಂತೆ. ಲಕೋಟೆಯನ್ನು ಮುಟ್ಟಿಸುವುದಷ್ಟೇ ಅದರ ಕೆಲಸ, ಒಳಗಿನ ಬರಹ ಯಾವ ಪದ್ಧತಿಯದೆಂದು ಅದು ವಿಚಾರಿಸುವುದಿಲ್ಲ.

ಇಲ್ಲಿ ಎರಡು ಬಗೆಯ ಕೇಡು ಸಂಭವಿಸಬಹುದು. ಅಕ್ಷರಕ್ಕೆ ಒಂದೇ ಬೈಟಿರುವ ಲ್ಯಾಟಿನ್-1 ಎಂಬ ಹಳೆಯ ಪದ್ಧತಿಯುಂಟು. ಯುಟಿಎಫ್-8ರ ಬೈಟುಗಳನ್ನು ಆ ಪದ್ಧತಿಯವೆಂದು ತಪ್ಪು ತಿಳಿದು ಓದಿದರೆ ನನ್ನ ಹೆಸರು ಒಂಬತ್ತು ಅಸಂಬದ್ಧ ಗುರುತುಗಳಾಗುತ್ತದೆ. ಬೈಟುಗಳು ಉಳಿದಿರುವತನಕ ಇದಕ್ಕೆ ಮದ್ದುಂಟು. ಸರಿಯಾದ ಪದ್ಧತಿಯಲ್ಲಿ ಮತ್ತೆ ಓದಿದರಾಯಿತು. ಎರಡನೆಯದು ಘೋರವಾದುದು. ಹೆಸರನ್ನೇ ಲ್ಯಾಟಿನ್-1ಕ್ಕೆ ಪರಿವರ್ತಿಸಿದರೆ, ಅಲ್ಲಿ ಕನ್ನಡಕ್ಕೆ ಸ್ಥಳವಿಲ್ಲವಾಗಿ, ಸಾಮಾನ್ಯವಾಗಿ ಪ್ರತಿಯೊಂದು ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಬೀಳುತ್ತದೆ. ಆಮೇಲೆ ‘ಕಮಲ’ ಯಾರು, ‘ಸರಳ’ ಯಾರು ಎಂದು ಬ್ರಹ್ಮನೂ ಹೇಳಲಾರ!

ನನ್ನ ಪಾಲಿಗೆ ಬಂದುದು ಈ ಎರಡನೆಯದು. ಕಳುಹಿಸುವ ಪ್ರೋಗ್ರಾಂ ಹಳೆಯ ಜಾವಾದಲ್ಲಿತ್ತು. ಪದ್ಧತಿಯನ್ನು ಹೆಸರಿಸದಿದ್ದರೆ ಹಳೆಯ ಜಾವಾ ಆಯಾ ಯಂತ್ರದ ವಾಡಿಕೆಯ ಪದ್ಧತಿಯನ್ನೇ ಹಿಡಿಯುತ್ತಿತ್ತು. 2022ರ 18ನೆಯ ಆವೃತ್ತಿಯಿಂದ ಮಾತ್ರ ಯುಟಿಎಫ್-8 ವಾಡಿಕೆಯಾಯಿತು. ಪರೀಕ್ಷೆಯಲ್ಲಿ ಈ ದೋಷ ಸಿಕ್ಕಿಬೀಳಲಿಲ್ಲವೇಕೆ? ಪರೀಕ್ಷಿಸಿದ್ದು ಇಂಗ್ಲಿಷ್ ಹೆಸರುಗಳಿಂದ. ಇಂಗ್ಲಿಷ್ ಅಕ್ಷರಗಳ ಬೈಟುಗಳು ಎರಡು ಪದ್ಧತಿಗಳಲ್ಲೂ ಒಂದೇ ಆದುದರಿಂದ ತಪ್ಪು ಮರೆಯಾಗಿಯೇ ಉಳಿಯಿತು.

ಪುಣ್ಯಕ್ಕೆ ಮೊದಲ ಡೇಟಾಬೇಸಿನಲ್ಲಿ ನನ್ನ ಹೆಸರು ಅಳಿದಿರಲಿಲ್ಲ. ಪದ್ಧತಿಯನ್ನು ನಮೂದಿಸಿ ಮತ್ತೆ ಕಳುಹಿಸಿದರು, ಹಣವೂ ಬಂದಿತು. ಮುಂದೆ ಇಂಥ ಕೆಲಸಕ್ಕೆ ಕೈಹಾಕುವ ಮಿತ್ರರು ಎರಡು ಮಾತು ನೆನಪಿಡಲಿ: ಕೈ ಬದಲಾಗುವ ಪ್ರತಿಯೊಂದು ಕಡೆಯಲ್ಲೂ ಪದ್ಧತಿಯನ್ನು ಬಾಯಿಬಿಟ್ಟು ಹೇಳಿರಿ, ಪರೀಕ್ಷಿಸುವಾಗ ಒಂದಾದರೂ ಕನ್ನಡದ ಹೆಸರನ್ನು ಕಳುಹಿಸಿ ನೋಡಿರಿ.