ತಂಡಕ್ಕೆ ಬೆಲೆ ಕಟ್ಟಬಹುದು, ಕೂಗಿಗೆ?

ಯಡಿಯೂರು: ಬೆಂಗಳೂರಿಂದ ಹಾಸನದ ಕಡೆ ಹೊರಟ ಬಸ್ಸು ಇಲ್ಲಿ ನಿಂತರೆ ಇಳಿದವರಲ್ಲಿ ಕೆಲವರು ಸಿದ್ಧಲಿಂಗೇಶ್ವರನ ಗುಡಿಯ ಕಡೆ ನಡೆಯುತ್ತಾರೆ, ಕೆಲವರು ಟೀ ಅಂಗಡಿಯ ಕಡೆ. ಗುಡಿಯ ಕಡೆ ಹೋದವರ ಕೋರಿಕೆ ದೇವರಿಗೆ ಗೊತ್ತು. ಟೀ ಅಂಗಡಿಯ ಕಡೆ ಹೋದವರ ಚಿಂತೆ 2025ರ ನವೆಂಬರಿನಲ್ಲಿ ಇಡೀ ರಾಜ್ಯದ ಚಿಂತೆಯೇ ಆಗಿತ್ತು: 'ಆರ್‌ಸಿಬಿನ ಮಾರ್ತಾರಂತೆ ಕಣ್ರೀ, ಹೌದಾ?'

ಹೌದೋ ಅಲ್ಲವೋ ಎಂಬುದಕ್ಕೆ ಒಂದು ಕಾಗದವಿತ್ತು. ತಂಡದ ಒಡೆತನ ಹೊಂದಿದ್ದ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಆ ತಿಂಗಳ 5ರಂದು ಷೇರುಪೇಟೆಗೆ ಒಂದು ತಿಳುವಳಿಕೆ ಕಳಿಸಿತು. ಗಂಡಸರ ತಂಡ, ಹೆಂಗಸರ ತಂಡ ಎರಡನ್ನೂ ನಡೆಸುವ ಸಂಸ್ಥೆಯಲ್ಲಿ ತಾನು ಹೂಡಿರುವ ಹಣದ ಬಗ್ಗೆ ಪರಾಮರ್ಶೆ ನಡೆಸುತ್ತೇನೆ, 2026ರ ಮಾರ್ಚ್ 31ರೊಳಗೆ ಮುಗಿಸುವ ಅಂದಾಜು ಎಂದಿತು. ತಂಡ ಬೆಲೆಬಾಳುವಂಥದೇ, ಆದರೆ ಮದ್ಯದ ವ್ಯಾಪಾರಕ್ಕೆ ಅದು ಮೂಲ ಕಸುಬಲ್ಲ ಎಂಬ ಮಾತೂ ಜೊತೆಗೆ ಬಂತು. ಖಾಲಿ ಸೈಟಿಗೆ ಅಳತೆ ಹಿಡಿಸುವವನು ಯಾಕೆ ಹಿಡಿಸುತ್ತಾನೆ ಅಂತ ಅಂಗಡಿ ಬೀದಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದಕ್ಕೆ ಮುಂಚೆಯೇ, ಆ ವರ್ಷದ ಜೂನ್‌ನಲ್ಲೇ ಗಾಳಿಮಾತು ಹರಡಿತ್ತು. ಕೊಳ್ಳುವವರ ಪಟ್ಟಿಯಲ್ಲಿ ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಹೆಸರೂ ಸೇರಿ, 'ನನಗ್ಯಾಕೆ ಆರ್‌ಸಿಬಿ, ನಾನು ರಾಯಲ್ ಚಾಲೆಂಜೂ ಕುಡಿಯೋನಲ್ಲ' ಎಂಬರ್ಥದಲ್ಲಿ ಅವರು ನಕ್ಕು ತಳ್ಳಿಹಾಕಬೇಕಾಯಿತು. ಜನ ನಕ್ಕರು. ಆದರೆ ಆ ನಗೆಮಾತಿನೊಳಗೇ ಅಭಿಮಾನಿಯ ಅಸಲು ಭಯ ಇತ್ತು. ತಂಡದ ಹೆಸರಿನ ಮೊದಲ ಪದ ಬಾಟಲಿಯದು, ಕೊನೆಯ ಪದ ಊರಿನದು. ಬಾಟಲಿಯವರು ಎದ್ದು ಹೋದರೆ ಹೆಸರಿನಲ್ಲಿ ಉಳಿಯುವುದು ಏನು?

ಕುಣಿಗಲ್ ಸೀಮೆಗೆ ಈ ಮಾಲೀಕತ್ವದ ಆಟ ಹೊಸದಲ್ಲ. 2008ರಲ್ಲಿ 11.16 ಕೋಟಿ ಡಾಲರ್ ಕೊಟ್ಟು ತಂಡ ಹಿಡಿದ ವಿಜಯ್ ಮಲ್ಯರ ಯುಬಿ ಗುಂಪಿನ ಕಂಪನಿಗೇ 1992ರಲ್ಲಿ ಕುಣಿಗಲ್ ಸ್ಟಡ್ ಫಾರಂ 30 ವರ್ಷದ ಗುತ್ತಿಗೆಗೆ ಹೋಗಿತ್ತು. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ನೆಲ ಅದು. ಮಲ್ಯ 2016ರಲ್ಲಿ ಲಂಡನ್ನಿಗೆ ಹೋದರು; ಅಷ್ಟರಲ್ಲಿ ಮದ್ಯದ ಕಂಪನಿ ಬ್ರಿಟನ್ನಿನ ಡಿಯಾಜಿಯೊ ಕೈಗೆ ಸೇರಿತ್ತು, ತಂಡವೂ ಅದರ ಜೊತೆಗೇ ಹೋಯಿತು. ಆದರೆ ಫಾರಂಗೂ ತಂಡಕ್ಕೂ ಒಂದು ವ್ಯತ್ಯಾಸ ಇದೆ. ಫಾರಂ ನೆಲ ಸರ್ಕಾರದ್ದು. ಗುತ್ತಿಗೆ ಮುಗಿದಾಗ 'ಏನಪ್ಪಾ, ಮುಂದೆ ಏನು' ಅಂತ ಕೇಳೋಕೆ ಒಬ್ಬ ಯಜಮಾನ ಇದ್ದಾನೆ. ತಂಡಕ್ಕೆ ಹಾಗೆ ಕೇಳುವವರಿಲ್ಲ. ಬೆಂಗಳೂರಿನ ಹೆಸರು ಹೊತ್ತಿದೆ, ಬೆಂಗಳೂರಿಗೆ ಅದರಲ್ಲಿ ಕಾಸಿನ ಪಾಲಿಲ್ಲ.

ಪಾಲಿಲ್ಲದ ಜನವೇ 18 ವರ್ಷ ಕಾದರು. 2009, 2011, 2016ರ ಫೈನಲ್ ಸೋತಾಗಲೂ 'ಈ ಸಲ ಕಪ್ ನಮ್ದೇ' ಅಂದರು. ಊರೆಲ್ಲ ಗೇಲಿ ಮಾಡಿದರೂ ಬಿಡಲಿಲ್ಲ. 2024ರ ಮಾರ್ಚಿನಲ್ಲಿ ಹೆಂಗಸರ ತಂಡ ಮೊದಲು ಕಪ್ ತಂದಿತು. ಗಂಡಸರದು 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ಎದುರು 6 ರನ್ನಿನ ಗೆಲುವು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತರು. ಆ ಸಂಜೆಯ ಸುದ್ದಿ ಕುಣಿಗಲ್ ತಾಲ್ಲೂಕಿನ ಮನೆಬಾಗಿಲಿಗೂ ಬಂತು.

ಇದಾಗಿ ಐದು ತಿಂಗಳಿಗೆ ಪರಾಮರ್ಶೆಯ ಕಾಗದ. ತಂಡದ ಬೆಲೆ 200 ಕೋಟಿ ಡಾಲರ್‌ವರೆಗೆ ಹೋದೀತು ಅಂತ ಪತ್ರಿಕೆಗಳಲ್ಲಿ ಲೆಕ್ಕ ಹರಿದಾಡಿತು. ಸತ್ತವರ ಕುಟುಂಬಗಳಿಗೆ ತಂಡ ತಲಾ 25 ಲಕ್ಷ ರೂಪಾಯಿ ಘೋಷಿಸಿತ್ತು. ಎರಡು ಅಂಕಿಯನ್ನೂ ಓದಿದ ಅಭಿಮಾನಿ ಬಾಯಿಬಿಟ್ಟು ಹೇಳದಿದ್ದರೂ ಒಂದು ಮಾತು ಮನಸ್ಸಿನಲ್ಲಿ ಅಂದುಕೊಂಡಿರುತ್ತಾನೆ: ಕೊಳ್ಳುವವನು ಕಪ್ಪನ್ನು ಮಾತ್ರ ತಗೊಂಡು ಹೋಗ್ತಾನೋ, ಆ ದಿನದ ಋಣವನ್ನೂ ತಗೊಂಡು ಹೋಗ್ತಾನೋ?

'ಮಾಲೀಕ ಯಾರಾದರೆ ನಮಗೇನು, ಆಟ ಚೆನ್ನಾಗಿದ್ದರೆ ಸಾಕು' ಅನ್ನುವವರೂ ಇದ್ದಾರೆ. ಅವರು ಪಕ್ಕದ ಹೈದರಾಬಾದ್ ನೋಡಬೇಕು. 2009ರ ಫೈನಲಿನಲ್ಲಿ ನಮ್ಮವರನ್ನೇ ಸೋಲಿಸಿ ಕಪ್ ಗೆದ್ದ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಹೆಸರಿಲ್ಲದೆ ಹೋಯಿತು. ಹೊಸ ಮಾಲೀಕರು ಬಂದರು, ಹೊಸ ಹೆಸರಿನ ತಂಡ ಬಂತು. ಗೆದ್ದ ಕಪ್ಪು ದಾಖಲೆಯಲ್ಲಿ ಉಳಿಯಿತು, ಅದನ್ನು ಗೆದ್ದ ತಂಡ ಉಳಿಯಲಿಲ್ಲ.

ಜನ ಸುಮ್ಮನಿರದಿದ್ದರೆ ಏನಾಗುತ್ತೆ ಅಂತ ತಿಳಿಯಬೇಕಾದರೆ ಕಲ್ಕತ್ತೆಯ ಫುಟ್ಬಾಲ್ ನೋಡಬೇಕು. ಅಲ್ಲಿನ ಮೋಹನ್ ಬಾಗಾನ್ ಕ್ಲಬ್ 1889ರದು. 1911ರಲ್ಲಿ ಬಹುತೇಕ ಬರಿಗಾಲಲ್ಲೇ ಆಡಿ ಬ್ರಿಟಿಷ್ ಸೈನ್ಯದ ತಂಡವನ್ನು ಸೋಲಿಸಿದ ಹೆಸರು. 1998ರಲ್ಲಿ ನಮ್ಮ ಯುಬಿ ಗುಂಪೇ ಅಲ್ಲೂ ಅರ್ಧ ಪಾಲು ಹಿಡಿದು, ಮೆಕ್‌ಡೊವೆಲ್ ಮೋಹನ್ ಬಾಗಾನ್ ಅಂತ ಬೋರ್ಡು ಹಾಕಿಸಿತ್ತು. 2020ರಲ್ಲಿ ಗೋಯೆಂಕಾ ಗುಂಪು ಫುಟ್ಬಾಲಿನ ಶೇ. 80 ಪಾಲು ಕೊಂಡು, ತನ್ನದೇ ಇನ್ನೊಂದು ತಂಡದ ಎಟಿಕೆ ಎಂಬ ಹೆಸರನ್ನು ಕ್ಲಬ್ಬಿನ ಹೆಸರಿನ ಮುಂದೆ ಅಂಟಿಸಿತು. ಅಭಿಮಾನಿಗಳು ಒಪ್ಪಲಿಲ್ಲ. ದುಡ್ಡು ನಿಮ್ಮದು, ಹೆಸರು ನಮ್ಮದು ಅಂತ ಹಟ ಹಿಡಿದರು, ಬೀದಿಗಿಳಿದರು, ಬ್ಯಾನರ್ ಕಟ್ಟಿದರು. ಮೂರು ವರ್ಷ ಬಿಡದೆ ಕೂಗಿದರು.

2023ರ ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್. ಎದುರಿಗೆ ನಮ್ಮ ಬೆಂಗಳೂರು ಎಫ್‌ಸಿ. ಪೆನಾಲ್ಟಿಯಲ್ಲಿ ನಮ್ಮವರು ಸೋತರು. ಅದೇ ರಾತ್ರಿ ಮಾಲೀಕ ಸಂಜೀವ್ ಗೋಯೆಂಕಾ ಎಟಿಕೆ ತೆಗೆಯುವುದಾಗಿ ಸಾರಿದರು. ಜಾಗಕ್ಕೆ ಸೂಪರ್ ಜೈಂಟ್ ಅಂತ ಇನ್ನೊಂದು ಬಾಲ ಬಂತು, ಅದು ಬೇರೆ ಮಾತು. ಮೋಹನ್ ಬಾಗಾನ್ ಮಾತ್ರ ಮುಂದಕ್ಕೆ ಬಂತು. ಒಂದು ಷೇರೂ ಇಲ್ಲದವರು ಶೇ. 80 ಪಾಲಿನವರನ್ನು ಮಣಿಸಿದ್ದರು.

ನಮ್ಮಲ್ಲೂ ಇದರ ಸಣ್ಣ ರುಚಿ ಉಂಟು. ಸರ್ಕಾರದ ದಾಖಲೆಯಲ್ಲಿ 2014ರ ನವೆಂಬರ್ 1ಕ್ಕೇ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಗಿತ್ತು. ತಂಡದ ಅಂಗಿಯ ಮೇಲೆ ಬೆಂಗಳೂರು ಬರೋಕೆ 2024ರ ಮಾರ್ಚ್ ಬೇಕಾಯಿತು. ತಡವಾಯಿತು, ಆದರೆ ಬಂತು.

ಅಂಗಡಿಯವರಿಗೆ ಈ ಲೆಕ್ಕ ಬಲು ಸಲೀಸು. ಬಸ್‌ಸ್ಟ್ಯಾಂಡಿನ ಹೋಟೆಲು ಕೈ ಬದಲಾದಾಗ ಮೇಜು, ಕುರ್ಚಿ, ಪಾತ್ರೆಗೆ ಒಂದು ಬೆಲೆ, ಗುಡ್‌ವಿಲ್ಲಿಗೆ ಇನ್ನೊಂದು ಬೆಲೆ. ಗುಡ್‌ವಿಲ್ ಅಂದರೆ ಯಾವುದು? ದಿನಾ ಬಂದು ಕೂರುವ ಗಿರಾಕಿ. ಅವನ ನಾಲಿಗೆಗೆ ಒಗ್ಗಿದ ಸಾರು ಬದಲಾಯಿಸಿ, 'ಬೋರ್ಡು ಅದೇ ಇದೆಯಲ್ಲ ಸ್ವಾಮಿ' ಅಂದರೆ, ಅವನು ಜಗಳ ಆಡಲ್ಲ. ಎದುರುಗಡೆ ಹೋಟೆಲಿಗೆ ಹೋಗ್ತಾನೆ. ಕೊಂಡವನ ಕೈಯಲ್ಲಿ ಉಳಿಯೋದು ಮೇಜು ಕುರ್ಚಿ.

ಕ್ರಿಕೆಟ್ ಅಭಿಮಾನಿಗೆ ಆ ಸುಖವೂ ಇಲ್ಲ. ಅವನು ಎದುರುಗಡೆ ಹೋಗಿ ಚೆನ್ನೈಗೆ ಕೂಗಲಾರ. ಅದು ಗೊತ್ತಿರೋದರಿಂದಲೇ ಅವನನ್ನು ಯಾರೂ ಕೇಳೋದಿಲ್ಲ. ಆದ್ದರಿಂದಲೇ ಅವನು ಕೇಳಿಸಿಕೊಳ್ಳುವವರೆಗೆ ಕೂಗಬೇಕು: ಹೆಸರಿನಲ್ಲಿ ಬೆಂಗಳೂರು ಇರಲಿ, ಆಟ ಬೆಂಗಳೂರಲ್ಲಿ ಇರಲಿ, ಜೂನ್ 4ರ ಹನ್ನೊಂದು ಜನರ ಋಣ ಕ್ರಯಪತ್ರದ ಜೊತೆಗೇ ಹೋಗಲಿ ಅಂತ.

ಜಾತ್ರೆಯಲ್ಲಿ ತೇರಿನ ಆಡಳಿತ ಯಾರ ಕೈಲಾದರೂ ಇರಲಿ, ಹಗ್ಗ ಹಿಡಿಯುವುದು ಭಕ್ತರು. ಹಗ್ಗ ಕೈಬಿಟ್ಟರೆ ತೇರು ನಿಂತಲ್ಲೇ ನಿಲ್ಲುತ್ತೆ. ಯಡಿಯೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ?