ಯುವಜನರು ಮತ್ತು ಸಂತ ವಿನ್ಸೆಂಟ್ ದೆ ಪಾಲ್ ಸಭೆ

ಸಂತ ವಿನ್ಸೆಂಟ್ ದೆ ಪಾಲ್ ಸಭೆಗೆ ಯುವಜನರು ಬರುತ್ತಿಲ್ಲವೆಂದು ನಾವು ಕೊರಗುತ್ತೇವೆ. ಆದರೆ ಆ ಸಭೆ ಹುಟ್ಟಿದ್ದೇ ಯುವಜನರಿಂದ. 1833ರ ಏಪ್ರಿಲ್ 23ರಂದು, ತಮ್ಮ 20ನೆಯ ಹುಟ್ಟುಹಬ್ಬದ ದಿನವೇ, ಫ್ರೆಡೆರಿಕ್ ಓಝನಾಂ ಅವರು ವಿದ್ಯಾರ್ಥಿ ಗೆಳೆಯರೊಡನೆ ಪ್ಯಾರಿಸ್ಸಿನಲ್ಲಿ ಅದನ್ನು ಆರಂಭಿಸಿದರು. ಹಿರಿಯರಾದ ಎಮಾನ್ಯುಯೆಲ್ ಬೈಯಿ ಅಧ್ಯಕ್ಷತೆ ವಹಿಸಿದರು. ಸಿಸ್ಟರ್ ರೊಸಾಲಿ ರಾಂದ್ಯು ಬಡವರ ಮನೆಗಳಿಗೆ ದಾರಿ ತೋರಿದರು. ಸೇವೆಯ ಹೊಣೆಯನ್ನು ಮಾತ್ರ ಕಿರಿಯರೇ ಹೊತ್ತರು.

ನಾವಾದರೋ ಯುವಜನರಿಗೆ ಹಬ್ಬದ ಚಪ್ಪರದ ಕೆಲಸವನ್ನು ಒಪ್ಪಿಸಿ, ತೀರ್ಮಾನಗಳನ್ನು ನಮ್ಮಲ್ಲೇ ಉಳಿಸಿಕೊಳ್ಳುತ್ತೇವೆ. ಬೈರಕೂರಿನಂಥ ಹೋಬಳಿಯಿಂದ ದಿನವೂ ದೂರದ ಕೆಲಸಕ್ಕೆ ಹೋಗುವ ಯುವಕನಿಗೆ ವಾರದ ಸಭೆ ಕಷ್ಟವಾದೀತು. ಆದರೆ ಭಾನುವಾರದ ಬಲಿಪೂಜೆಯ ಬಳಿಕ ಹಿರಿಯ ಸದಸ್ಯರೊಬ್ಬರೊಡನೆ ಒಂದು ಬಡಮನೆಗೆ ಹೋಗಿಬರುವುದು ಸಾಧ್ಯ. ಆ ಮನೆಯ ಅಗತ್ಯವನ್ನು ಆತನೇ ಸಭೆಗೆ ತಿಳಿಸಲಿ; ನೆರವಿನ ತೀರ್ಮಾನದಲ್ಲಿ ಆತನ ಮಾತಿಗೂ ತೂಕವಿರಲಿ. ಹೊಣೆ ದೊರೆತಲ್ಲಿ ಯುವಜನರು ನಿಲ್ಲುತ್ತಾರೆ.