ಲ್ಯಾನ್ ಕೇಬಲ್ ಹಾಕಿದ್ರೂ ನೆಟ್ ಕಟ್ ಆಗುತ್ತಾ?

ಆನ್‌ಲೈನ್ ಕೋಡಿಂಗ್ ಟೆಸ್ಟ್ ಇದ್ದಾಗ ಹಾಸ್ಟೆಲ್ ವೈ-ಫೈ ನಂಬೋಕೆ ಧೈರ್ಯ ಸಾಲದೆ ತುಂಬಾ ಜನ ಲ್ಯಾನ್ ಕೇಬಲ್ ಹಾಕ್ತಾರೆ. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟೇ ಇಲ್ಲ, ಹಾಗಾಗಿ ಮಧ್ಯೆ ಒಂದು ಯುಎಸ್‌ಬಿ ಅಡಾಪ್ಟರ್ ಬೇಕು. ಇಷ್ಟಾದ ಮೇಲೂ ನೆಟ್ ಹೋಗಿ ಬಂದು ಮಾಡಿದರೆ ಎಲ್ಲರೂ ಮೊದಲು ಬೈಯೋದು ಅಡಾಪ್ಟರನ್ನೇ. ಆದರೆ ತಪ್ಪು ಗೋಡೆಯ ಪೋರ್ಟ್, ಕೇಬಲ್, ಅಡಾಪ್ಟರ್, ಲ್ಯಾಪ್‌ಟಾಪ್ ಸೆಟ್ಟಿಂಗ್, ಎಲ್ಲಿ ಬೇಕಾದರೂ ಇರಬಹುದು. ದುಡ್ಡು ಖರ್ಚು ಮಾಡೋ ಮೊದಲು ಹುಡುಕೋಣ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ.

1. ಎಲ್ಲಿ ಕಟ್ ಆಗ್ತಿದೆ?

ಮೊದಲು ವೈ-ಫೈ ಆಫ್ ಮಾಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟರೆ ಡೀಫಾಲ್ಟ್ ಗೇಟ್‌ವೇ ವಿಳಾಸ ಸಿಗುತ್ತೆ. ಒಂದು ವಿಂಡೋದಲ್ಲಿ ಗೇಟ್‌ವೇಗೆ, ಇನ್ನೊಂದರಲ್ಲಿ 8.8.8.8ಗೆ ಪಿಂಗ್ ಓಡಿಸಿ ಬಿಡಿ. ನೆಟ್ ಹೋದಾಗ ಎರಡೂ ನಿಂತರೆ ತೊಂದರೆ ನಿಮ್ಮ ಮೇಜಿನಿಂದ ಗೇಟ್‌ವೇವರೆಗಿನ ದಾರಿಯಲ್ಲಿದೆ. ಗೇಟ್‌ವೇ ಉತ್ತರ ಕೊಡ್ತಾ ಇದ್ದು ಇನ್ನೊಂದು ಮಾತ್ರ ನಿಂತರೆ ತೊಂದರೆ ಅದರಾಚೆ ಇದೆ, ಹೊಸ ಅಡಾಪ್ಟರ್ ತಂದರೂ ಪ್ರಯೋಜನ ಇಲ್ಲ.

ನಿಮ್ಮ ಐಪಿ ವಿಳಾಸ 169.254 ಅಂತ ಶುರುವಾದರೆ ನೆಟ್‌ವರ್ಕ್‌ನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ.

2. ಸದ್ದು ಕೇಳಿಸಿಕೊಳ್ಳಿ

ಪೆನ್‌ಡ್ರೈವ್ ಎಳೆದಾಗ ವಿಂಡೋಸ್ ಒಂದು ಸದ್ದು ಮಾಡುತ್ತಲ್ವಾ? ನೆಟ್ ಹೋದ ಕ್ಷಣದಲ್ಲಿ ಅದೇ ಸದ್ದು ಬಂದರೆ ಅಡಾಪ್ಟರ್ ಯುಎಸ್‌ಬಿ ಕಡೆಯಿಂದಲೇ ಕಳಚಿಕೊಳ್ತಿದೆ. ಸದ್ದಿಲ್ಲದೆ ಬರೀ ‘ಕೇಬಲ್ ಅನ್‌ಪ್ಲಗ್ಡ್’ ಅಂತ ತೋರಿಸಿದರೆ ಮೊದಲು ಕೇಬಲ್, ಗೋಡೆಯ ಪೋರ್ಟ್ ನೋಡಿ. ಲಿನಕ್ಸ್ ಬಳಸೋರಿಗೆ ಕರ್ನಲ್ ಲಾಗ್‌ನಲ್ಲಿ ‘ಯುಎಸ್‌ಬಿ ಡಿಸ್‌ಕನೆಕ್ಟ್’ ಅನ್ನೋ ಸಾಲು ಇದನ್ನೇ ಹೇಳುತ್ತೆ.

3. ಕೇಬಲ್ ಕಡೆ ಆದರೆ

ಪ್ಲಗ್‌ನ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಮೇಜು ಅಲ್ಲಾಡಿದರೂ ಸಾಕು, ಸಂಪರ್ಕ ಹೋಗುತ್ತೆ. ಒಳಗೆ ತಂತಿ ತುಂಡಾಗಿದ್ದರೆ ಕಣ್ಣಿಗೆ ಕಾಣಲ್ಲ, ಆದರೆ ಲಿಂಕ್ ಸ್ಪೀಡ್ ಸುಳಿವು ಕೊಡುತ್ತೆ. ಕೇಬಲ್‌ನಲ್ಲಿ 8 ತಂತಿ, ಅಂದರೆ 4 ಜೋಡಿ. 100 ಎಂಬಿಪಿಎಸ್‌ಗೆ 2 ಜೋಡಿ ಸಾಕು. 1 ಜಿಬಿಪಿಎಸ್‌ಗೆ ನಾಲ್ಕೂ ಬೇಕು. ಪಕ್ಕದ ರೂಮಿನ ಗೆಳೆಯ ತನ್ನ ಕೇಬಲ್ ತಂದು ಅದೇ ಪೋರ್ಟ್‌ಗೆ ಹಾಕಿದಾಗ 1000 ತೋರಿಸಿ, ನಿಮ್ಮ ಕೇಬಲ್‌ನಲ್ಲಿ 100 ಮಾತ್ರ ಬಂದರೆ ಕೇಬಲ್ ಬದಲಿಸಿ.

4. ಅಡಾಪ್ಟರ್ ಕಡೆ ಆದರೆ

ಹಬ್ ಇದ್ದರೆ ತೆಗೆದು ಅಡಾಪ್ಟರನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿ. ಹಾರ್ಡ್ ಡಿಸ್ಕ್, ಮೌಸ್ ಎಲ್ಲಾ ಒಂದೇ ಹಬ್‌ನಲ್ಲಿದ್ದರೆ ಪವರ್ ಸಾಲದೇ ಹೋಗಬಹುದು. ಆಮೇಲೆ ಬೇರೆ ಯುಎಸ್‌ಬಿ ಪೋರ್ಟ್‌ನಲ್ಲಿ ನೋಡಿ.

ಅದೂ ಆಗಲಿಲ್ಲ ಅಂದ್ರೆ ಡಿವೈಸ್ ಮ್ಯಾನೇಜರ್ ತೆರೆದು ಅಡಾಪ್ಟರ್‌ನ ಪ್ರಾಪರ್ಟೀಸ್‌ಗೆ ಹೋಗಿ. ಬ್ಯಾಟರಿ ಉಳಿಸೋಕೆ ವಿಂಡೋಸ್ ಅಡಾಪ್ಟರನ್ನೇ ಮಲಗಿಸಿಬಿಡಬಹುದು. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ಡಿವೈಸ್ ಆಫ್ ಮಾಡೋಕೆ ಅನುಮತಿ ಕೊಡುವ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ‘ಎನರ್ಜಿ ಎಫಿಶಿಯೆಂಟ್ ಈಥರ್ನೆಟ್’ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ. ಕೊನೆಯದಾಗಿ, ಅಡಾಪ್ಟರ್ ಚಿಪ್ ತಯಾರಿಸಿದ ಕಂಪನಿಯ ಸೈಟ್‌ನಿಂದ ಹೊಸ ಡ್ರೈವರ್ ಹಾಕಿ. ಇಷ್ಟೆಲ್ಲಾ ಆದ ಮೇಲೂ ಕಳಚಿಕೊಂಡರೆ ಮಾತ್ರ ಹೊಸದು ತಗೊಳ್ಳಿ.

5. ಹೊಸದು ತಗೊಂಡ್ರೆ ಮರೀಬೇಡಿ

ಪ್ರತಿ ಅಡಾಪ್ಟರ್‌ಗೂ ತನ್ನದೇ ಮ್ಯಾಕ್ ವಿಳಾಸ ಇರುತ್ತೆ. ನಿಮ್ಮ ಕ್ಯಾಂಪಸ್‌ನಲ್ಲಿ ಮ್ಯಾಕ್ ನೋಂದಣಿ ಇದ್ದರೆ ಹೊಸ ಅಡಾಪ್ಟರ್ ಎಷ್ಟೇ ಚೆನ್ನಾಗಿದ್ರೂ ನೋಂದಣಿ ಆಗೋವರೆಗೆ ನೆಟ್ ಬರಲ್ಲ. ಟೆಸ್ಟ್ ದಿನ ಬೆಳಿಗ್ಗೆ ಇದು ಗೊತ್ತಾದರೆ ಕಥೆ ಮುಗೀತು. ಹಿಂದಿನ ದಿನವೇ ಜೋಡಿಸಿ, ಅರ್ಧ ಗಂಟೆ ಪಿಂಗ್ ಓಡಿಸಿ ನೋಡಿ. ತೊಂದರೆ ಕಾಲೇಜಿನ ಲೈನ್‌ನಲ್ಲೇ ಇದ್ದರೆ ಆ ಪಿಂಗ್‌ನ ಸ್ಕ್ರೀನ್‌ಶಾಟ್ ಮತ್ತು ಸಮಯ ಬರೆದುಕೊಂಡು ನೆಟ್‌ವರ್ಕ್ ರೂಮಿಗೆ ಹೋಗಿ. ‘ಸಾರ್, ನೆಟ್ ಬರ್ತಿಲ್ಲ’ ಅನ್ನೋದಕ್ಕಿಂತ ಅದರಿಂದ ಬೇಗ ಕೆಲಸ ಆಗುತ್ತೆ.